ಬೆನ್ನ ಮೇಲಿನ ಬಿರುಕು

ಭಾಂಡುಪ್
ಏಪ್ರಿಲ್ 19, ಭಾನುವಾರ

ಅವ್ವಾ,

ಮೊದಲೇ 'ಸಾರಿ' ಕೇಳಿಬಿಡುತ್ತೇನೆ. ಕಾಗದ ಬರೆಯುತ್ತಿರುವುದಕ್ಕೇ ಸಾರಿ. ಒಂದೇ ಊರಿನಲ್ಲಿದ್ದುಕೊಂಡು ಯಾರಾದರೂ ಕಾಗದ ಬರೆಯುತ್ತಾರೆಯೇ? ನೀನು ಕಾಂದಿವಲಿ, ನಾನು ಭಾಂಡುಪ್, ನಡುವೆ ಒಂದು ಕಾಡು. ಗಿಳಿಯಾಗಿದ್ದರೆ ಅರ್ಧ ಗಂಟೆಯಲ್ಲಿ ಕಾಡು ದಾಟಿ ಬಂದೇನು. ಹುಡುಗಿಯಾದ್ದರಿಂದ ದಾದರಿಗೆ ಹೋಗಿ, ಬ್ರಿಜ್ ಹತ್ತಿ ಇಳಿದು, ಲೋಕಲ್ ಬದಲಿಸಿ ಮತ್ತೆ ಅಷ್ಟೇ ದೂರ ಮೇಲೆ ಬರಬೇಕು. ಫೋನ್ ಇದೆ, ನಿಜ. ನಮ್ಮ ಫೋನು ಹೇಗಿರುತ್ತದೆ ನಿನಗೇ ಗೊತ್ತು:

'ಉಂಡ್ಯಾ?'

'ಉಂಡೆ. ನೀ?'

'ಹೂಂ. ಇಡ್ತೀನಿ ಹಂಗಾರ.'

ಹತ್ತೊಂಬತ್ತು ಸೆಕೆಂಡು. ಸ್ಕ್ರೀನಿನ ಮೇಲೆ ಬರುತ್ತದೆ, ನಾನು ನೋಡಿದ್ದೇನೆ.

ಧಾರವಾಡದ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಊಟವಾದ ಮೇಲೆ ವಾರ್ಡನ್ ಬಸಲಿಂಗವ್ವ ಅಕ್ಕೋರು ನಮ್ಮನ್ನು ಸಾಲಾಗಿ ಕೂಡಿಸಿ ಮನೆಗೆ ಕಾಗದ ಬರೆಸುತ್ತಿದ್ದರು. ಓದಿ, ತಪ್ಪು ತಿದ್ದಿ, ಆಮೇಲೇ ಡಬ್ಬಿಗೆ. ಹನ್ನೆರಡು ವರ್ಷ ನಾನು ನಿನ್ನ ಜೊತೆ ಆಡಿದ ಮಾತೆಲ್ಲ ಹಾಗೇ ಆಡಿದ್ದು. ಅದಕ್ಕೇ ನಿನಗೆ ಏನಾದರೂ ಹೇಳಬೇಕೆಂದರೆ ಕೈಗೆ ಪೆನ್ನು ಬರುತ್ತದೆ, ಬಾಯಿ ಬರುವುದಿಲ್ಲ. ಈ ಸಲ ತಿದ್ದುವವರಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಆಗಸ್ಟಿನಲ್ಲಿ ಕಾಲೇಜು ಸೇರಲು ಬಂದು ನಿನ್ನ ಖೋಲಿಯಲ್ಲಿ ಇದ್ದ ನಾಲ್ಕು ದಿನಗಳಿಗೂ ಸಾರಿ. ಎರಡನೆಯ ರೊಟ್ಟಿ ಬೇಕೆಂದು ನಾನು ಕೈ ಎತ್ತಿದೆ. ಸ್ನಾನಕ್ಕೆ ಹೋಗಲಾ ಎಂದು ಕೇಳಿದೆ. ಚಹಾ ಕೊಟ್ಟಾಗಲೆಲ್ಲ ಥ್ಯಾಂಕ್ಯೂ ಅಂದೆ. 'ಇದು ನಿನ್ನ ಮನಿ ಐತಿ, ಹಾಸ್ಟೆಲಲ್ಲ' ಎಂದು ನೀನು ಅಂದದ್ದು ನನಗೆ ಬೈದ ಹಾಗೆ ಕೇಳಿಸಿತು. ಇಲ್ಲೇ ಇದ್ದು ಕಾಲೇಜಿಗೆ ಹೋಗು ಅಂದಾಗ ದೂರವಾಗುತ್ತದೆ ಅಂದೆ. ದೂರ ನೆಪ, ಅವ್ವಾ. ಘಂಟೆ ಬಾರಿಸದ ಮನೆಯಲ್ಲಿ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂದೇ ನನಗೆ ತಿಳಿಯುತ್ತಿರಲಿಲ್ಲ.

ಅದಿರಲಿ. ವಿಷಯ ಬೇರೆ ಇದೆ. ನಮ್ಮ ಕಾಲೇಜಿನ ಹಿಂದೆ ಕಾಡಿನ ಇಳಿಜಾರು. ಅಲ್ಲಿ ಜೀರುಂಡೆಗಳು ಶುರುವಾಗಿವೆ. ಯಾವುದೋ ಬಿಲ್ಡಿಂಗಿಗೆ ಮಷೀನಿನಲ್ಲಿ ಕಬ್ಬಿಣ ಕೊಯ್ಯುತ್ತಿದ್ದಾರೇನೋ ಎಂಬಂಥ ಸದ್ದು. ಝುವಾಲಜಿಯ ಶಶಿಕಾಂತ ಸರ್ ಜೂನ್ ಐದಕ್ಕೆ ಒಂದು ಪ್ರದರ್ಶನ ಇಟ್ಟಿದ್ದಾರೆ. ಒಬ್ಬೊಬ್ಬರು ಒಂದು ಜೀವಿಯನ್ನು ಆರಿಸಿಕೊಂಡು ಅದರ ಬದುಕನ್ನು ಆರು ಫೋಟೋಗಳಲ್ಲಿ ತೋರಿಸಬೇಕು, ಅದೂ ತೀರಾ ಹತ್ತಿರದಿಂದ. ನಾನು ಜೀರುಂಡೆ ಎಂದು ಬರೆಸಿದ್ದೇನೆ. ತೊಂದರೆ ಏನೆಂದರೆ ನನ್ನ ಕೈ ನಡುಗುತ್ತದೆ. ನಾನು ತೆಗೆದ ಫೋಟೋ ರೂಮ್‌ಮೇಟ್ ಶೀತಲ್ ನೋಡಿ, 'ಜೀರುಂಡೆ ಕಾಣ್ತಿಲ್ಲ, ನಿನ್ನ ಹೆದರಿಕೆ ಮಾತ್ರ ಮಸ್ತ್ ಕ್ಲಿಯರ್ ಬಂದಿದೆ' ಅಂದಳು.

ಜೊತೆಗಿರುವ ಡಬ್ಬಿಯಲ್ಲಿ ಒಂದು ಜೀರುಂಡೆಯ ಚಿಪ್ಪು ಇದೆ. ಒಳಗೆ ಖಾಲಿ. ತುಂಬಾ ನಾಜೂಕು, ಜೋರಾಗಿ ಉಸಿರಾಡಿದರೂ ಒಡೆಯುತ್ತದೆ. ದಿನವಿಡೀ ನಕಲಿ ಒಡವೆಗೆ ಸಾಸಿವೆಯಷ್ಟು ಹರಳು ಕೂಡಿಸುವವಳು ನೀನು, ಇಂಥ ಕುಸುರಿ ಎಲ್ಲಾದರೂ ನೋಡಿದ್ದೀಯಾ ಎಂದು ಕೇಳಬೇಕೆನಿಸಿತು. ಕಾಲಿನ ಮುಳ್ಳು ನೋಡು. ನೋಡಿ ವಾಪಸ್ ಕಳಿಸು, ಫೋಟೋಗೆ ಬೇಕು.

ಇನ್ನೊಂದು, ಸುಮ್ಮನೆ ತಿಳಿದಿರಲಿ ಎಂದು: ಜೂನ್ ಆರರಿಂದ ಹದಿನೈದು ದಿನ ಹಾಸ್ಟೆಲ್ ಬಂದ್. ಬಣ್ಣ ಹಚ್ಚುತ್ತಾರಂತೆ. ಎಲ್ಲರೂ ಮನೆಗೆ ಹೋಗಬೇಕಂತೆ.

ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ
(ಸಾರಿ, ಕೈ ತಾನೇ ಬರೆದುಬಿಟ್ಟಿತು)
ರೂಪಾಲಿ

*

ಕಾಂದಿವಲಿ
ಏಪ್ರಿಲ್ 26, ಐತವಾರ

ರೂಪಿ,

ನಿನ್ನ ಕಾಗದ ಮುಟ್ಟೇದ. ನಾ ಏಳನೇತ್ತ ತನಕ ಕಲಿತಾಕಿ, ನಿನ್ನಂಗ ಬರಿಲಿಕ್ಕೆ ಬರೂದಿಲ್ಲ. ಮಾತಾಡಿದಂಗ ಬರಿತೀನಿ, ಮಾತು ಕೇಳಿದಂಗ ಓದ್ಕೋ.

ಹುಳಾನ ಕಾರ್ಖಾನ್ಯಾಗ ಎಲ್ಲಾರಿಗೂ ತೋರಿಸಿದೆ. ನನ್ನ ಬಾಜೂಕ ಕೂಡೂ ಶೀಲಾವತಿ ಮೊದಲ ಕಿಟಾರನ ಕಿರಚಿದ್ಲು. ಆಮ್ಯಾಲ ಸಣ್ಣದು ದೊಡ್ಡದಾಗಿ ಕಾಣೂ ಬಿಂಗ ಕಣ್ಣಿಗೆ ಹಚ್ಚಿ ನೋಡಿ, 'ಅಕ್ಕಾ, ಹಣಿ ಮ್ಯಾಲ ಹರಳ ಕೂಡಸೂ ಗುಂಡಿ ಮೂರ ಅದಾವ ನೋಡು! ಯಾವ ಸೇಠಂದ ಈ ಡಿಸೈನ್?' ಅಂದ್ಲು. ಊಟದ ಹೊತ್ತು ಪೂರಾ ನಿನ್ನ ಹುಳದ್ದ ಸುದ್ದಿ.

ಒಂದು ಬ್ಯಾಸರದ ಮಾತು ಅದ, ಆದರ ಅಳಬ್ಯಾಡ. ಡಬ್ಬಿ ತಗದಾಗ ಹುಳದ ಬೆನ್ನ ಉದ್ದಕ ಸೀಳಿತ್ತು. ನಾಜೂಕ ಅಂತ ನೀ ಬರದಿದ್ದಿ, ಬರೂ ದಾರ್‍ಯಾಗ ಒಡದಿರಬೇಕು. ಒಳಗಿಂದ ಬಿಳಿ ಎಳಿ ನಾಕ ಜೋತಬಿದ್ದಿದ್ವು, ನೀ ಸುತ್ತಿದ್ದ ಹತ್ತಿ ಹೊಕ್ಕದ ಅಂತ ಚಿಮಟದಲೆ ತಗದೆ. ಚಹಾದ ಹಬಿ ಮ್ಯಾಲ ಹಿಡದು ಮೆತ್ತಗ ಮಾಡಿ, ಹರಳ ಎತ್ತೂ ಮೇಣದ ಕಡ್ಡಿಲೆ ಎತ್ತಿ, ಸೀಳು ಕೂಡಿಸಿ, ಹರಳಿನ ಅಂಟು ಸೂಜಿ ಮೊನಿಲೆ ಹಾಕೀನಿ. ಮೂರು ದಿನ ಹಿಡೀತು. ಮ್ಯಾಲ ಒಂದು ಕೈ ಲಾಕರ್ ಪಾಲಿಶ್. ಈಗ ಸೀಳು ಎಲ್ಲಿತ್ತಂತ ದೇವರಿಗೂ ತಿಳಿಯಂಗಿಲ್ಲ. ನಿನ್ನ ಸರ್ ಮುಂದ ಧೈರ್ಯಲೆ ಇಡು.

ಡಬ್ಬ್ಯಾಗ ನನ್ನ ಹಳೇ ಬಿಂಗ ಇಟ್ಟೀನಿ. ಅಂಚಿಗೆ ಸೀಳೇದ, ನಡುವ ಚಲೋ ಅದ. ಫೋನಿನ ಕಣ್ಣಿನ ಮ್ಯಾಲ ಕಟ್ಟಿ ನೋಡು. ಕೈ ನಡಗತಾವ ಅಂದಿ. ನಂದೂ ಮೊದಲ ನಡಗತಿದ್ವು. ಹರಳ ಹೆಂಗ ಕೂಡಸ್ತೀವಿ ಅಂದ್ರ, ಮೊಣಕೈ ಎರಡೂ ಟೇಬಲ್ಲಿಗೆ ಊರಬೇಕು. ಉಸರ ಪೂರಾ ಹೊರಗ ಬಿಡಬೇಕು. ಮುಂದಿನ ಉಸರ ತಗೊಳ್ಳೂದಕ ಮೊದಲ ಒಂದು ಚೂರು ಜಾಗಾ ಸಿಗತದ ನೋಡು, ಅಲ್ಲಿ ಕೈ ಸುಮ್ಮನಿರ್ತದ. ಆ ಜಾಗಾದಾಗ ಕೂಡಸಬೇಕು.

ಹಾಸ್ಟೆಲ್ ಬಂದ್ ಅಂದಿ. ಹಂಗಾರ ಎಲ್ಲಿ ಇರತಿ?

ನಿಮ್ಮವ್ವ
ದೇವಕ್ಕ

*

ಭಾಂಡುಪ್
ಮೇ 3

ಅವ್ವಾ,

ಅದು ಒಡೆದಿರಲಿಲ್ಲ.

ಆ ಬಿರುಕು ಅದರ ಬಾಗಿಲು. ಜೀರುಂಡೆ ಅಲ್ಲಿಂದಲೇ ಹೊರಗೆ ಬಂದದ್ದು. ತಾಯಿ ಕೊಂಬೆಯಲ್ಲಿ ಗೀರು ಹಾಕಿ ಮೊಟ್ಟೆ ಇಡುತ್ತದೆ. ಇರುವೆಯಷ್ಟು ಮರಿ ಕೆಳಗೆ ಬಿದ್ದು ಮಣ್ಣಿಗೆ ಇಳಿಯುತ್ತದೆ. ಬೇರಿನ ರಸ ಕುಡಿದುಕೊಂಡು ವರ್ಷಗಟ್ಟಲೆ ಕತ್ತಲೆಯಲ್ಲಿರುತ್ತದೆ. ನಮ್ಮ ಕಡೆಯದು ಎಷ್ಟು ವರ್ಷ ಎಂದು ಸರಿಯಾಗಿ ತನಗೂ ತಿಳಿಯದು ಎನ್ನುತ್ತಾರೆ ಸರ್. ಆಮೇಲೆ ಒಂದು ಸಂಜೆ ಮೇಲೆ ಬಂದು, ಮರ ಹತ್ತಿ, ಬೆನ್ನು ಸೀಳಿಕೊಂಡು ರೆಕ್ಕೆಯ ಜೊತೆ ಹೊರಬೀಳುತ್ತದೆ. ನೀನು ಹತ್ತಿ ಅಂದುಕೊಂಡು ಕಿತ್ತ ಬಿಳಿ ಎಳೆಗಳು ಅದರ ಉಸಿರಿನ ಕೊಳವೆಗಳ ಪೊರೆ. ಅದರ ಫೋಟೋವೇ ನನಗೆ ಮುಖ್ಯವಾಗಿ ಬೇಕಿತ್ತು.

ಕೇಳಬಹುದಿತ್ತಲ್ಲ? ಹೊರಬರುತ್ತಿರುವ ಜೀರುಂಡೆಗೆ ಸಹಾಯ ಮಾಡುತ್ತೇನೆಂದು ಯಾರಾದರೂ ಎಳೆದರೆ ಅದರ ರೆಕ್ಕೆ ಸೊಟ್ಟಗೇ ಉಳಿಯುತ್ತದೆ, ಹಾರಲು ಬರುವುದಿಲ್ಲ ಎಂದು ಸರ್ ಮೊದಲ ದಿನವೇ ಹೇಳಿದ್ದರು. ಎಲ್ಲವನ್ನೂ ರಿಪೇರಿ ಮಾಡಬೇಕಾಗಿಲ್ಲ.

ಎಲ್ಲಿ ಇರುತ್ತೀಯಾ ಎಂದು ನೀನು ಕೇಳಿದ್ದೆ. ಶೀತಲ್ ನಾಸಿಕದ ಅವರ ಮನೆಗೆ ಕರೆದಿದ್ದಾಳೆ. ಚಿಂತೆ ಬೇಡ.

ರೂಪಾಲಿ

*

ಭಾಂಡುಪ್
ಮೇ 17, ಭಾನುವಾರ

ಅವ್ವಾ,

ಎರಡು ವಾರವಾಯಿತು, ನಿನ್ನ ಕಾಗದವಿಲ್ಲ. ಫೋನಿನ 'ಉಂಡ್ಯಾ' ಹನ್ನೊಂದು ಸೆಕೆಂಡಿಗೆ ಇಳಿದಿದೆ. ನನ್ನ ಕಳೆದ ಕಾಗದವನ್ನು ಬಸಲಿಂಗವ್ವ ಅಕ್ಕೋರು ಓದಿದ್ದರೆ ಹರಿದು ಬುಟ್ಟಿಗೆ ಹಾಕುತ್ತಿದ್ದರು. ತಿದ್ದುವವರು ಇರಬೇಕಿತ್ತು ಅನಿಸಿದ್ದು ಇದೇ ಮೊದಲು.

ಈಗ ಏನಾಯಿತು ಕೇಳು. ಮಧ್ಯದಲ್ಲಿ ನಗಬೇಡ, ಕೊನೆಗೆ ಒಟ್ಟಿಗೆ ನಗು.

ನಿನ್ನ ಬಿಂಗವನ್ನು ಕೂದಲಿನ ರಬ್ಬರಿನಿಂದ ಫೋನಿಗೆ ಕಟ್ಟಿದೆ. ಮೊಣಕೈ ಎರಡನ್ನೂ ಮರಕ್ಕೆ ಊರಿದೆ. ಉಸಿರು ಬಿಟ್ಟೆ. ನೀನು ಹೇಳಿದ ಆ ಚೂರು ಜಾಗ ಹುಡುಕುತ್ತ ಹುಡುಕುತ್ತ ಮೊದಲ ದಿನ ತಲೆ ತಿರುಗಿ ಬೇರಿನ ಮೇಲೆ ಕುಳಿತುಬಿಟ್ಟೆ. ಮೂರನೆಯ ದಿನ ಸಿಕ್ಕಿತು. ಅವ್ವಾ, ಅಲ್ಲಿ ನಿಜವಾಗಿಯೂ ಕೈ ಸುಮ್ಮನಿರುತ್ತದೆ! ಜೀರುಂಡೆಯ ಮುಖ ಪೂರ್ತಿ ಬಂತು. ಶೀಲಾವತಿ ಮಾವಶಿಗೆ ಹೇಳು, ಆ ಮೂರು ಗುಂಡಿಗಳು ಖಾಲಿ ಇರುವುದಿಲ್ಲ. ಜೀವಂತ ಜೀರುಂಡೆಯಲ್ಲಿ ಅಲ್ಲಿ ಮೂರು ಪುಟ್ಟ ಕಣ್ಣು, ಕೆಂಪು ಹರಳಿನ ಹಾಗೇ. ದೊಡ್ಡ ಕಣ್ಣು ಎರಡು ಬೇರೆ. ಗಂಡಿನ ಹೊಟ್ಟೆಯ ಎರಡು ಬದಿಗೆ ಹಾಡುವ ಡೊಳ್ಳು ಇರುತ್ತದೆ, ಅದೂ ಬಂತು. ಶೀತಲ್ ಫೋನ್ ಕಸಿದುಕೊಂಡು ಇಡೀ ಮಾಳಿಗೆಗೆ ತೋರಿಸಿ ಬಂದಳು.

ಸೋಮವಾರ ಫೋಟೋಗಳನ್ನೂ, ಸಿಕ್ಕಿದ್ದ ಚಿಪ್ಪುಗಳನ್ನೂ ಸರ್ ಹತ್ತಿರ ಒಯ್ದೆ. ನೀನು ಕೂಡಿಸಿದ್ದೂ ಅದೇ ಡಬ್ಬಿಯಲ್ಲಿತ್ತು, ಎಸೆಯಲು ಮನಸ್ಸಾಗಿರಲಿಲ್ಲ. ಶಶಿಕಾಂತ ಸರ್ ನೇರವಾಗಿ ಅದನ್ನೇ ಎತ್ತಿಕೊಂಡರು. ತಿರುಗಿಸಿದರು. ಕನ್ನಡಕ ಹಣೆಗೆ ಏರಿಸಿ ಮತ್ತೆ ತಿರುಗಿಸಿದರು. ಅವರು ಬೆಳಗಾವಿಯವರು. ಪಾಠ ಇಂಗ್ಲಿಷಿನಲ್ಲಿ, ಗಾಬರಿ ಮಾತ್ರ ಕನ್ನಡದಲ್ಲಿ.

'ರೂಪಾಲಿ, ಇದು ಖಾಲಿ ಅದ.'

'ಎಸ್ ಸರ್.'

'ಬಾಗಲ ಇಲ್ಲ.'

'ಎಸ್ ಸರ್.'

'ಹಂಗಾರ ಮಾಲಕ ಎಲ್ಲಿಂದ ಹೋದ?'

ನಿಜ ಹೇಳಬೇಕು ಎನ್ನುವಷ್ಟರಲ್ಲಿ ಅವರು ಪಕ್ಕದ ಬಾಟನಿ ಮೇಡಂ ಅವರನ್ನು ಕರೆದರು. ಮೇಡಂ ಲ್ಯಾಬಿನವರನ್ನು ಕರೆದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥದ್ದು ನೋಡಿಲ್ಲ ಎಂದು ಸರ್ ಕೋಣೆಯ ತುಂಬ ಓಡಾಡಿದರು. ಯಾವ ಮರ, ಯಾವ ತಾರೀಖು, ಎಷ್ಟು ಎತ್ತರ ಎಂದು ಕೇಳಿ ಬರೆದುಕೊಳ್ಳತೊಡಗಿದರು. ನಾನು ಮರ ಹೇಳಿದೆ, ತಾರೀಖು ಹೇಳಿದೆ. ಎತ್ತರ ಹೇಳುವಾಗ ಅಳು ಬಂತು.

'ಸರ್, ಅದನ್ನು ನಮ್ಮ ಅವ್ವ ಹೊಲಿದಿದ್ದಾಳೆ.'

'ಏನಂದಿ?'

'ಹೊಲಿದಿಲ್ಲ ಸರ್, ಅಂಟಿಸಿದ್ದಾಳೆ. ಒಡೆದಿದೆ ಅಂದುಕೊಂಡಿದ್ದಳು. ಸಾರಿ ಸರ್.'

ನೀನು ಹಬೆ ಹಿಡಿದು ಕೂಡಿಸಿದ್ದನ್ನೆಲ್ಲ ಹೇಳಿದೆ. ಸರ್ ಚಿಪ್ಪನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಬಹಳ ಹೊತ್ತು ನೋಡಿದರು. ಕೂದಲಿಗಿಂತ ತೆಳುವಾದ ಒಂದು ಗೆರೆ ಸಿಕ್ಕಿತಂತೆ. ಆಮೇಲೆ ನಕ್ಕರು ನೋಡು! ಹಣೆಯ ಮೇಲಿದ್ದ ಕನ್ನಡಕ ಜಾರಿ ಟ್ರೇಯಲ್ಲಿ ಬಿತ್ತು. 'ಹಬಿ ಮ್ಯಾಲ ಹಿಡದು ಮೆತ್ತಗ ಮಾಡಬೇಕು ಅಂತ ಆಕಿಗೆ ಯಾರು ಕಲಿಸಿದ್ರು? ನಾವು ಎಮ್ಮೆಸ್ಸಿ ಹುಡುಗರಿಗೆ ಕಲಸ್ತೀವಿ, ಅವರಿಗೆ ಬರೂದಿಲ್ಲ!' ಅಂದರು. ನಮ್ಮ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿಟ್ಟೆಗಳಿವೆ. ರೆಕ್ಕೆ ಮುರಿದವು, ಮೀಸೆ ಉದುರಿದವು. 'ನಿಮ್ಮ ತಾಯಿಯವರು ಒಂದು ದಿನ ಬಂದು ಕೈ ಆಡಿಸಿದರೆ ನಾನು ಪಕ್ಕದಲ್ಲಿ ಕೂತು ಕಲಿಯುತ್ತೇನೆ' ಎಂದು ಹೇಳಿಕಳಿಸಿದ್ದಾರೆ. ತಮಾಷೆಗಲ್ಲ. ಹೊರಟಾಗ ಬಾಗಿಲ ತನಕ ಬಂದು ಮತ್ತೆ ಹೇಳಿದರು.

ನಿನ್ನ ಚಿಪ್ಪು ಪ್ರದರ್ಶನದಲ್ಲಿ ಇರುತ್ತದೆ, ಬಿರುಕಿರುವ ಒಂದು ಚಿಪ್ಪಿನ ಪಕ್ಕ. ಮುಂದೆ ಚೀಟಿಯಲ್ಲಿ ನಿನ್ನ ಹೆಸರು. ನಾನೇ ಬರೆಯುತ್ತೇನೆ.

ಅವತ್ತು ಎಲ್ಲರೆದುರು 'ನಮ್ಮ ಅವ್ವ' ಅಂದೆನಲ್ಲ, ಹಾಸ್ಟೆಲಿನಲ್ಲಿ ಆ ಮಾತು ಅಷ್ಟು ಜೋರಾಗಿ ಯಾವತ್ತೂ ಅಂದಿರಲಿಲ್ಲ. ಅಲ್ಲಿ ಅನ್ನುವ ಪ್ರಸಂಗವೇ ಬರುತ್ತಿರಲಿಲ್ಲ.

ಆರು ಫೋಟೋಗಳಲ್ಲಿ ಐದು ಆದವು. ಮೂರನೆಯದು ಇಲ್ಲ: ಚಿಪ್ಪಿನಿಂದ ಹೊರಬರುತ್ತಿರುವುದು. ಅದು ಸಂಜೆಯ ಮೇಲೆ ಆಗುವಂಥದ್ದು, ಇಲ್ಲಿ ಆರಕ್ಕೆ ಇಳಿಜಾರಿನ ಗೇಟು ಹಾಕುತ್ತಾರೆ.

ಕಳೆದ ಕಾಗದಕ್ಕೆ ಸಾರಿ. ಇದು ಹಾಸ್ಟೆಲಿನ ಸಾರಿ ಅಲ್ಲ.

ನಿನ್ನ
ರೂಪಾಲಿ

*

ಕಾಂದಿವಲಿ
ಮೇ 21

ರೂಪಿ,

ನಿನ್ನ ಹಿಂದಿನ ಕಾಗದ ಓದಿ ನನಗ ಸಿಟ್ಟು ಬಂದಿದ್ದಿಲ್ಲ. ನಾಚಿಕಿ ಬಂದಿತ್ತು. ಬಾಗಲಾನ ಮುಚ್ಚಿ ಲಾಕರ್ ಹೊಡದೆನಲ್ಲ ಅಂತ. ಕಾರ್ಖಾನ್ಯಾಗ ಹೇಳಿದರ ನಗತಾರಂತ ಹೇಳಲಿಲ್ಲ. ಈ ಸಲದ್ದು ಬಂದ ಮ್ಯಾಲ ಪೂರಾ ಓದಿ ಹೇಳಿದೆ. ಶೀಲಾವತಿ ನಕ್ಕು ನಕ್ಕು ಹರಳಿನ ತಾಟು ಚೆಲ್ಲಿದ್ಲು. ಮೂರು ಮಂದಿ ನೆಲದ ಮ್ಯಾಲ ಕೂತು ಆರಿಸಿದಿವಿ.

ನಿನ್ನಿ ಏನ ಆತು ಕೇಳು. ನಮ್ಮ ಚಾಳಿನ ಹಿಂದ ನಳ ಅದ ಅಲಾ, ಕಾಡಿನ ಗ್ವಾಡಿ ಕಡೆ. ಸಂಜಿಕ ನೀರು ಬಂದಿತ್ತು. ನಾ ಕೊಡ ಹಚ್ಚಿ ನಿಂತಿದ್ದೆ. ಬಾಜೂಕಿನ ಗುಲ್‌ಮೋಹರ್ ಬಡ್ಡ್ಯಾಗ ಮಣ್ಣು ಮೆತ್ತಿದ ಹುಳ ಒಂದು ಹತ್ತಲಿಕ್ಕತ್ತಿತ್ತು. ನಿನ್ನ ಡಬ್ಬ್ಯಾಗಿಂದ ಎದ್ದು ಬಂದಂಗ, ಥೇಟ್ ಅದ! ಸೊಂಟದ ಎತ್ತರಕ ಬಂದು ನಿಂತು ಕಾಲು ಊರಿತು. ನಾನೂ ಊರಿ ಕೂತೆ.

ಸ್ವಲ್ಪ ಹೊತ್ತಿಗೆ ಬೆನ್ನು ಸೀಳಿತು ನೋಡು. ನಾ ಕೂಡಿಸಿದ್ದ ಜಾಗಾದಾಗನ. ಒಳಗಿಂದ ಹಸಿ ಪಿಸ್ತಾ ಬಣ್ಣದ್ದು ಉಬ್ಬಿ ಉಬ್ಬಿ ಬಂತು. ತಲಿ ಬಂತು, ಕಾಲು ಬಂದ್ವು. ಆಮ್ಯಾಲ ಹಿಂದಕ ಜೋತುಬಿತ್ತು, ತಲಿ ಕೆಳಗ. ಹಂಗ ಜೋತು ಗಪ್ಪಾತು. ಸತ್ತು ಹೋತು ಅಂದ್ಕೊಂಡೆ. ಬಾಲ ಇನ್ನೂ ಒಳಗ ಸಿಕ್ಕೊಂಡದ. ಒಂದು ಚಿಮಟ ಇದ್ದರ, ಎಳ್ಳಿನಷ್ಟು ಎತ್ತಿದರ ಬರತದ. ಇಪ್ಪತ್ತು ಹರಳು ಎತ್ತಿದಂಗೂ ಅಲ್ಲ, ಒಂದು ಹರಳು ಎತ್ತಿದಂಗ. ನನ್ನ ಕೈ ತಾವ ಹ್ವಾದ್ವು ರೂಪಿ. ಎಳದರ ರೆಕ್ಕಿ ಸೊಟ್ಟ ಆಗತಾವ ಅಂತ ನೀ ಬರದದ್ದು ನೆನಪಾತು. ಎರಡೂ ಕೈ ತೊಡಿ ಕೆಳಗ ಇಟ್ಟು ಅವುಗಳ ಮ್ಯಾಲ ಕೂತೆ.

ಹಿಂದ ಶಾಂತಪ್ಪ ಕಾಕಾ ಒದರಲಿಕ್ಕತ್ತಿದ್ದ, 'ದೇವಕ್ಕಾ, ಕೊಡ ತುಂಬಿ ಹರಿಲಿಕ್ಕತ್ತದ! ನಿದ್ದಿ ಹತ್ತೇದೇನ?' ಹದಿಮೂರು ವರ್ಷದಾಗ ನನ್ನ ಕೊಡ ಹರದದ್ದು ಅದ ಮೊದಲ. 'ತೆಗಿ ಕಾಕಾ, ನಿಂದ ಹಚ್ಚು' ಅಂದೆ. ಅವನೂ ಹಚ್ಚಲಿಲ್ಲ, ನನ್ನ ಬಾಜೂಕ ಬಂದು ಕುಕ್ಕರಗಾಲಲೆ ಕೂತ. ಅವನ ಹಿಂದಿನ ನಾಕ ಹೆಣ್ಣಮಕ್ಕಳೂ ಬಂದ್ರು. ನಳ ತನ್ನ ಪಾಡಿಗೆ ಹರೀತು.

ಆ ಹುಳ ತಾನ ಎದ್ದು ಕೂತಿತು! ಗಪ್ಪನ ಮ್ಯಾಲ ಎದ್ದು, ತನ್ನ ಚಿಪ್ಪನ್ನ ತಾನ ಹಿಡಕೊಂಡು ಬಾಲ ಎಳಕೊಂಡಿತು. ಮುದ್ದಿ ಆದ ಅರಿವಿ ಹಂಗಿದ್ದ ರೆಕ್ಕಿ ನಮ್ಮ ಕಣ್ಣ ಮುಂದ ಬಿಚ್ಚಿದ್ವು. ಇಂಥ ಗಾಜು ಯಾವ ಸೇಠನ ಕಡೆನೂ ಇಲ್ಲ. ಶಾಂತಪ್ಪ ಕಾಕಾ ಎದ್ದು ಚಪ್ಪಾಳಿ ಹೊಡದ. ಮುದುಕಗ ಕಣ್ಣಾಗ ನೀರು.

ಫೋಟೋ ಇಲ್ಲ. ನನ್ನ ಫೋನ್ ನಿನಗ ಗೊತ್ತದ ಅಲಾ, ಒತ್ತೂ ಗುಂಡಿದು. ನೀ ಇರಬೇಕಿತ್ತು ಅಂತ ಅನಸ್ತು. ಆಗಸ್ಟಿನ್ಯಾಗ ಕರದೆ, ನೀ ಹ್ವಾದಿ. ಎಳಿಯಬಾರದು ಅಂತ ನೀನ ಬರದಿ. ಅದಕ್ಕ ನಾ ಈಗೂ ಕೈ ಮ್ಯಾಲನ ಕೂತೀನಿ. ನಾಸಿಕ ತಂಪ ಊರು ಅಂತಾರ, ಶೀತಲ್‌ನ ಮನ್ಯಾಗ ಚಲೋತಂಗ ಇರು.

ಚಿಟ್ಟಿ ಸುದ್ದಿ ಖರೇನೇನ? ನಿಮ್ಮ ಸರ್‌ಗೆ ಹೇಳು, ಮೇಣದ ಕಡ್ಡಿ ನಂದ ತರತೀನಿ.

ನಿಮ್ಮವ್ವ
ದೇವಕ್ಕ

*

ಭಾಂಡುಪ್
ಮೇ 24, ಭಾನುವಾರ

ಅವ್ವಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಶೀತಲ್‌ಗೆ ಹಿಂದಿಯಲ್ಲಿ ಹೇಳಿದೆ. ಕೊಡ ಹರಿಯುವಲ್ಲಿಗೆ ಬಂದಾಗ ಅವಳು, 'ಬಸ್, ನೀನು ನಾಸಿಕಕ್ಕೆ ಬರ್ತಿಲ್ಲ, ನನಗೆ ಗೊತ್ತಾಯ್ತು' ಎಂದು ನನ್ನ ಬ್ಯಾಗನ್ನು ಮಂಚದ ಕೆಳಗಿನಿಂದ ಎಳೆದು ಕೊಟ್ಟಳು.

ನಾನು ಶನಿವಾರ ಮೂವತ್ತಕ್ಕೆ ಬರುತ್ತೇನೆ. ಬರಲಾ ಎಂದು ಕೇಳುತ್ತಿಲ್ಲ, ಗಮನಿಸು. ಮಧ್ಯಾಹ್ನದ ಲೋಕಲ್ ಹಿಡಿದು ನೀರು ಬರುವುದಕ್ಕೆ ಮೊದಲೇ ನಳದ ಹತ್ತಿರ ಇರುತ್ತೇನೆ. ಮೂರನೆಯ ಫೋಟೋ ಅಲ್ಲೇ ಆಗಬೇಕು, ಮಳೆ ಬೀಳುವುದರೊಳಗೆ. ಫೋಟೋ ಸಿಗದಿದ್ದರೆ ಆ ಜಾಗದಲ್ಲಿ ನಿನ್ನ ಕಾಗದವನ್ನೇ ಅಂಟಿಸಲು ಸರ್ ಒಪ್ಪಿದ್ದಾರೆ, ಅವರಿಗೆ ಓದಿ ತೋರಿಸಿದೆ. ಆದ್ದರಿಂದ ಫೋಟೋ ಕೂಡ ನೆಪವೇ ಎಂದು ಈಗಲೇ ಹೇಳಿಬಿಡುತ್ತೇನೆ. ಆಗಸ್ಟಿನ ಹಾಗೆ ಆಮೇಲೆ ಸಾರಿ ಕೇಳುವುದು ಬೇಡ. ಹಾಸ್ಟೆಲ್ ತೆರೆಯುವ ತನಕ ಅಲ್ಲೇ ಇರುತ್ತೇನೆ. ತೆರೆದ ಮೇಲೆ ನೋಡೋಣ. ದಾದರಿನ ಬ್ರಿಜ್ ಹತ್ತಿ ಇಳಿದು ದಿನಾ ಎಷ್ಟೋ ಹುಡುಗಿಯರು ಕಾಲೇಜಿಗೆ ಬರುತ್ತಾರೆ, ಮೊನ್ನೆ ಎಣಿಸಿದೆ, ನಮ್ಮ ಕ್ಲಾಸಿನಲ್ಲೇ ಒಂಬತ್ತು.

ಎರಡನೆಯ ರೊಟ್ಟಿಗೆ ಕೈ ಎತ್ತಿದರೆ ಬೈಯಬೇಡ. ಆ ಅಭ್ಯಾಸ ಹೋಗಲು ಸ್ವಲ್ಪ ದಿನ ಬೇಕು. ನೀನು ಮಾತ್ರ ಆ ಹೊತ್ತಿಗೆ ನಿನ್ನ ಕೈಗಳ ಮೇಲೆ ಕೂತಿರಬೇಡ, ರೊಟ್ಟಿ ಹಾಕು.

ಜೂನ್ ಐದು ಶುಕ್ರವಾರ. ಚೀಟಿ ಬರೆದಿಟ್ಟಿದ್ದೇನೆ: 'ದುರಸ್ತಿ: ದೇವಕ್ಕ, ಕಾಂದಿವಲಿ.' ಅವತ್ತು ನೀನು ಬಂದರೆ ಚಿಟ್ಟೆಗಳ ಡ್ರಾಯರನ್ನು ಆಗಲೇ ತೆಗೆಸಿಡುತ್ತೇನೆ ಎಂದು ಸರ್ ದಿನಾ ಹೇಳುತ್ತಿದ್ದಾರೆ. ಕಾರ್ಖಾನೆಯಲ್ಲಿ ಶುಕ್ರವಾರ ನಿನಗೆ ಸೂಟಿ ಸಿಗುತ್ತದೆಯೋ ಇಲ್ಲವೋ? ಫೋನಿನ ಹತ್ತೊಂಬತ್ತು ಸೆಕೆಂಡಿನಲ್ಲಿ ಹೇಳಬೇಡ. ಒಂದೇ ಸಾಲಾದರೂ ಸರಿ, ಬೇಗ ಬರೆ.

ನಿನ್ನ ಮಗಳು
ರೂಪಿ